ಒಳ್ಳೆಯ ಬ್ರ್ಯಾಂಡ್ ಯಾವುದು? ಎವರ್‌ಗ್ರೀನ್‌ನಿಂದ ಶ್ರೀರಂಗಪಟ್ಟಣದವರೆಗೆ ಒಂದು ಪರಿಶೀಲನೆ

ಅಮೆರಿಕದಲ್ಲಿ ಮಾರುವ ಅಂಗಿಯ ಕುತ್ತಿಗೆಯ ಹಿಂದೆಯೋ ಪಕ್ಕದ ಹೊಲಿಗೆಯ ಒಳಗೋ ಚಿಕ್ಕದೊಂದು ಲೇಬಲ್ ಇರುತ್ತದೆ. ಅದರಲ್ಲಿ ಮೂರು ಸಂಗತಿ ಇರಲೇಬೇಕೆಂದು ಕಾನೂನು ಹೇಳುತ್ತದೆ: ಯಾವ ನೂಲು ಎಷ್ಟು ಪಾಲು, ಯಾವ ದೇಶದಲ್ಲಿ ತಯಾರಾದದ್ದು, ಜವಾಬ್ದಾರಿ ಹೊತ್ತ ಕಂಪನಿ ಯಾವುದು. ಕಂಪನಿಯ ಹೆಸರಿನ ಬದಲು ‘ಆರ್‌ಎನ್’ ಎಂದು ಶುರುವಾಗುವ ಸಂಖ್ಯೆಯೂ ಇರಬಹುದು. ಫೆಡರಲ್ ಟ್ರೇಡ್ ಕಮಿಷನ್ ಕೊಡುವ ಆ ಸಂಖ್ಯೆಯ ಜಾಡು ಹಿಡಿದರೆ ಮಾರುವ ಅಥವಾ ಆಮದು ಮಾಡಿಕೊಳ್ಳುವ ಕಂಪನಿ ಸಿಗುತ್ತದೆ. ಹೊಲಿದ ಕಾರ್ಖಾನೆ ಯಾವುದು, ಹೊಲಿದವಳ ಕೈಗೆ ತಿಂಗಳಿಗೆ ಎಷ್ಟು ಬಂತು, ಬಣ್ಣ ಹಾಕಿದ ನೀರು ಯಾವ ಹಳ್ಳಕ್ಕೆ ಸೇರಿತು ಎಂಬುದಕ್ಕೆ ಆ ಲೇಬಲ್ಲಿನಲ್ಲಿ ಜಾಗವಿಲ್ಲ.

ಸ್ಯಾನ್ ಹೋಸೆಯ ಪೂರ್ವದ ಬೆಟ್ಟಗಳ ತಪ್ಪಲಲ್ಲಿರುವ ನಮ್ಮ ಎವರ್‌ಗ್ರೀನ್‌ನಲ್ಲಿ ಈ ಪ್ರಶ್ನೆಗಳನ್ನು ಈಗ ಮಕ್ಕಳೇ ಎತ್ತುತ್ತಾರೆ. ಈಸ್ಟ್‌ರಿಡ್ಜ್ ಮಾಲಿನಿಂದ ಚೀಲ ಹಿಡಿದು ಬಂದರೆ ‘ಅಮ್ಮ, ಈ ಬ್ರ್ಯಾಂಡ್ ಎಥಿಕಲ್ಲಾ?’ ಎಂದು ಹೈಸ್ಕೂಲಿಗೆ ಹೋಗುವ ಮಗಳು ಕೇಳುತ್ತಾಳೆ. ಫೋನಿನ ಆ್ಯಪ್ ಒಂದು ಅಂಕ ಕೊಡುತ್ತದೆ, ಕಂಪನಿಯ ಪುಟ ಹಸಿರು ಎಲೆ ತೋರಿಸುತ್ತದೆ, ಚರ್ಚೆ ಅಲ್ಲಿಗೆ ಮುಗಿಯುತ್ತದೆ. ಅಷ್ಟಕ್ಕೇ ಮುಗಿಯಬಾರದು ಎನ್ನುವುದು ನನ್ನ ಅಭಿಪ್ರಾಯ. ಒಂದು ಬ್ರ್ಯಾಂಡಿನ ಗುಣ ತಿಳಿಯಬೇಕಾದರೆ ಅದು ತನ್ನ ಬಗ್ಗೆ ತಾನು ಬರೆದುಕೊಂಡದ್ದನ್ನು ಪಕ್ಕಕ್ಕಿಟ್ಟು, ಕಾರ್ಖಾನೆಯಲ್ಲಿ ಜಗಳ ಎದ್ದ ದಿನ ಅದು ಏನು ಮಾಡಿತು ಎಂದು ನೋಡಬೇಕು. ಅಂಥ ಜಗಳಗಳಲ್ಲಿ ಕೆಲವು ನಡೆದಿರುವುದು ಕನ್ನಡದಲ್ಲಿ. ಹಾಗಾಗಿ ಇಲ್ಲಿನ ಕನ್ನಡಿಗರಿಗೆ ಈ ವಿಷಯದಲ್ಲಿ ಬೇರೆಯವರಿಗಿಲ್ಲದ ಅನುಕೂಲವಿದೆ, ಹೊಣೆಯೂ ಇದೆ.

ಮೊದಲು ಕಾಗದದ ಮೇಲೆ ಏನೇನು ಸಿಗುತ್ತದೆ ನೋಡೋಣ. ಕ್ಯಾಲಿಫೋರ್ನಿಯಾದ 2010ರ ಕಾಯಿದೆಯೊಂದು 2012ರ ಜನವರಿಯಿಂದ ಜಾರಿಯಲ್ಲಿದೆ. ವರ್ಷಕ್ಕೆ 10 ಕೋಟಿ ಡಾಲರಿಗೂ ಹೆಚ್ಚು ವಹಿವಾಟು ಇರುವ ತಯಾರಕರು ಮತ್ತು ಮಾರಾಟಗಾರರು, ತಮ್ಮ ಸರಬರಾಜಿನ ಸರಪಳಿಯಲ್ಲಿ ಜೀತ ಮತ್ತು ಮಾನವ ಕಳ್ಳಸಾಗಣೆ ತಡೆಯಲು ಏನು ಮಾಡುತ್ತಿದ್ದಾರೆಂದು ತಮ್ಮ ವೆಬ್‌ಸೈಟಿನಲ್ಲಿ ಹೇಳಬೇಕು. ಬ್ರ್ಯಾಂಡಿನ ಪುಟದ ತಳದಲ್ಲಿ ಸಣ್ಣಕ್ಷರದಲ್ಲಿ ಕಾಣುವ ಕೊಂಡಿ ಅದೇ. ಆದರೆ ಆ ಕಾಯಿದೆ ಕೇಳುವುದು ಹೇಳಿಕೆಯನ್ನಷ್ಟೇ. ‘ನಾವು ಏನೂ ಮಾಡುತ್ತಿಲ್ಲ’ ಎಂದು ಬರೆದರೂ ಕಾನೂನು ಪಾಲಿಸಿದಂತೆಯೇ. ಇದಕ್ಕಿಂತ ಗಟ್ಟಿಯಾದದ್ದು 2021ರಲ್ಲಿ ಸಹಿಯಾದ ಎಸ್‌ಬಿ 62. ಕ್ಯಾಲಿಫೋರ್ನಿಯಾದ ಹೊಲಿಗೆ ಕಾರ್ಖಾನೆಗಳಲ್ಲಿ ತುಂಡಿಗಿಷ್ಟು ಎಂದು ಕೂಲಿ ಕೊಡುವುದನ್ನು ಅದು ನಿಷೇಧಿಸಿತು. ಕೂಲಿ ಬಾಕಿ ಉಳಿದರೆ ಗುತ್ತಿಗೆದಾರನ ಜೊತೆಗೆ ಬ್ರ್ಯಾಂಡನ್ನೂ ಹೊಣೆ ಮಾಡಿತು. ಲಾಸ್ ಏಂಜಲೀಸಿನಲ್ಲಿ ಹೊಲಿದ ಅಂಗಿಗೆ ಈ ರಕ್ಷಣೆ ಸಿಗುತ್ತದೆ, ಪೀಣ್ಯದಲ್ಲಿ ಹೊಲಿದದ್ದಕ್ಕೆ ಸಿಗುವುದಿಲ್ಲ.

ಇನ್ನು ಮುದ್ರೆಗಳು. ಪ್ರತಿ ಮುದ್ರೆಯೂ ಒಂದೊಂದು ಪ್ರಶ್ನೆಗೆ ಮಾತ್ರ ಉತ್ತರಿಸುತ್ತದೆ, ಕೊಳ್ಳುವವರು ಅದನ್ನೇ ಎಲ್ಲದಕ್ಕೂ ಉತ್ತರವೆಂದು ಭಾವಿಸುತ್ತಾರೆ. ಓಕೋಟೆಕ್ಸ್ ಸ್ಟ್ಯಾಂಡರ್ಡ್ 100 ಎಂದಿದ್ದರೆ ಸಿದ್ಧಬಟ್ಟೆಯಲ್ಲಿ ಮೈಗೆ ಕೆಡುಕಾಗುವ ರಾಸಾಯನಿಕಗಳು ಮಿತಿಯೊಳಗಿವೆ ಎಂದರ್ಥ, ಹೊಲಿದವರ ಸ್ಥಿತಿಯ ಬಗ್ಗೆ ಅದು ಏನೂ ಹೇಳುವುದಿಲ್ಲ. ಗಾಟ್ಸ್ ಮುದ್ರೆ ಇನ್ನಷ್ಟು ದೂರ ಹೋಗುತ್ತದೆ. ‘ಸಾವಯವ’ ಎಂದು ಬರೆಯಲು ಶೇ 95ರಷ್ಟು, ‘ಸಾವಯವ ನೂಲಿನಿಂದ ಮಾಡಿದ್ದು’ ಎನ್ನಲು ಕನಿಷ್ಠ ಶೇ 70ರಷ್ಟು ಸಾವಯವ ನೂಲು ಬೇಕು. ಬಣ್ಣ, ತ್ಯಾಜ್ಯನೀರು, ಕಾರ್ಮಿಕರ ಸ್ಥಿತಿಗೂ ನಿಯಮಗಳಿವೆ. ಆದರೂ 2020ರಲ್ಲಿ ಭಾರತದಲ್ಲಿ ಸುಮಾರು 20,000 ಟನ್ ಹತ್ತಿ ಸುಳ್ಳು ದಾಖಲೆಯ ಮೇಲೆ ಸಾವಯವವೆಂದು ಸಾಗಿದ್ದನ್ನು ಗಾಟ್ಸ್ ಸಂಸ್ಥೆಯೇ ಪತ್ತೆ ಹಚ್ಚಿ ಪ್ರಕಟಿಸಿತು. ಕಳ್ಳತನವನ್ನು ತಾನೇ ಹೊರಗೆಡಹಿದ್ದು ಆ ಸಂಸ್ಥೆಯ ಪರವಾದ ಮಾತು. ಮುದ್ರೆ ಎಂದರೆ ಕಾಗದಗಳ ಸರಪಳಿ, ಒಂದು ಕೊಂಡಿ ಸುಳ್ಳಾದರೆ ಉಳಿದದ್ದೂ ಸುಳ್ಳು ಎಂಬುದು ಅದರಿಂದಲೇ ಗೊತ್ತಾಯಿತು.

ಕಾರ್ಖಾನೆಯ ಪರಿಶೀಲನೆ, ಅಂದರೆ ಆಡಿಟ್, ಇದಕ್ಕಿಂತ ದುರ್ಬಲ. ಕರಾಚಿಯ ಅಲಿ ಎಂಟರ್‌ಪ್ರೈಸಸ್ ಕಾರ್ಖಾನೆಗೆ ಎಸ್‌ಎ 8000 ಎಂಬ ಹೆಸರುವಾಸಿ ಪ್ರಮಾಣಪತ್ರ ಸಿಕ್ಕ ಕೆಲವೇ ವಾರಗಳಲ್ಲಿ, 2012ರ ಸೆಪ್ಟೆಂಬರ್ 11ರಂದು, ಅಲ್ಲಿ ಬೆಂಕಿ ಬಿದ್ದು 250ಕ್ಕೂ ಹೆಚ್ಚು ಜನ ಸತ್ತರು. ಆಡಿಟ್ ಎಂದರೆ ಏನೆಂದು ಗಾರ್ಮೆಂಟ್ಸ್‌ಗೆ ಹೋಗುವ ಹೆಂಗಸರಿಗೆ ಚೆನ್ನಾಗಿ ಗೊತ್ತು. ಆವತ್ತು ಶೌಚಾಲಯ ಚೊಕ್ಕಟವಾಗಿರುತ್ತದೆ, ತುರ್ತುಬಾಗಿಲ ಮುಂದಿನ ಪೆಟ್ಟಿಗೆಗಳು ಮಾಯವಾಗಿರುತ್ತವೆ, ಬಂದವರು ಕೇಳಿದರೆ ಏನು ಹೇಳಬೇಕೆಂದು ಸೂಪರ್‌ವೈಸರ್ ಮುಂಚೆಯೇ ಹೇಳಿಕೊಟ್ಟಿರುತ್ತಾನೆ. ಪರಿಶೀಲಕನಿಗೆ ಹಣ ಕೊಡುವವರು ಕಾರ್ಖಾನೆಯವರೋ ಬ್ರ್ಯಾಂಡಿನವರೋ ಆಗಿರುವಾಗ ಅವನು ಹೆಂಗಸರ ಕಡೆಯವನಾಗುವುದು ಹೇಗೆ?

ಆ್ಯಪ್‌ಗಳ ಅಂಕಗಳನ್ನು ಹೆಚ್ಚು ಚರ್ಚಿಸಬೇಕಿಲ್ಲ. ‘ಗುಡ್ ಆನ್ ಯು’ ಐದು ಹಂತಗಳಲ್ಲಿ ಬ್ರ್ಯಾಂಡುಗಳನ್ನು ಅಳೆಯುತ್ತದೆ. ಮೊದಲ ಜರಡಿಯಾಗಿ ಅದು ಉಪಯುಕ್ತ, ಆದರೆ ಅದರ ಆಧಾರ ಬಹುಮಟ್ಟಿಗೆ ಬ್ರ್ಯಾಂಡು ಪ್ರಕಟಿಸಿದ ಮಾಹಿತಿಯೇ. ‘ಫ್ಯಾಶನ್ ಟ್ರಾನ್ಸ್‌ಪರೆನ್ಸಿ ಇಂಡೆಕ್ಸ್’ 2023ರಲ್ಲಿ 250 ದೊಡ್ಡ ಬ್ರ್ಯಾಂಡುಗಳಿಗೆ ಕೊಟ್ಟ ಸರಾಸರಿ ಅಂಕ ಶೇ 26. ಅದು ಅಳೆಯುವುದು ಎಷ್ಟು ಬಹಿರಂಗ ಮಾಡಿದ್ದಾರೆ ಎಂಬುದನ್ನು. ಎಷ್ಟು ಒಳ್ಳೆಯವರು ಎಂಬುದನ್ನು ಅಳೆಯುವ ಉದ್ದೇಶ ತನಗಿಲ್ಲವೆಂದು ಸೂಚ್ಯಂಕವೇ ಹೇಳುತ್ತದೆ. ಬಟ್ಟೆ ಕಂಪನಿಗಳೇ ಕೂಡಿ ಕಟ್ಟಿದ ‘ಹಿಗ್ ಇಂಡೆಕ್ಸ್’ನ ಅಂಕಗಳನ್ನು ಜಾಹೀರಾತಿನಲ್ಲಿ ಬಳಸುವುದು ಗ್ರಾಹಕರ ದಾರಿ ತಪ್ಪಿಸುತ್ತದೆ ಎಂದು 2022ರಲ್ಲಿ ನಾರ್ವೆಯ ಗ್ರಾಹಕ ಪ್ರಾಧಿಕಾರ ಹೇಳಿದ ಮೇಲೆ ಆ ಲೇಬಲ್‌ಗಳನ್ನು ನಿಲ್ಲಿಸಬೇಕಾಯಿತು.

ಈಗ ಕರ್ನಾಟಕಕ್ಕೆ ಬರೋಣ. ನನ್ನ ಊರು ಮದ್ದೂರಿನ ಕಡೆ. ನಸುಕಿನ ರೈಲು, ವ್ಯಾನು ಹಿಡಿದು ಬೆಂಗಳೂರಿನ ಕಾರ್ಖಾನೆಗಳಿಗೆ ಹೋಗುವ ಹೆಂಗಸರು ನಮ್ಮ ಬೀದಿಯವರೇ. ಒಳಗೆ ಒಂದು ಅಂಗಿ ಹತ್ತಾರು ಕೆಲಸಗಳಾಗಿ ಒಡೆದಿರುತ್ತದೆ. ಒಬ್ಬಳು ಇಡೀ ದಿನ ಕಾಲರ್ ಕೂರಿಸುತ್ತಾಳೆ, ಇನ್ನೊಬ್ಬಳು ತೋಳು ಜೋಡಿಸುತ್ತಾಳೆ, ಮತ್ತೊಬ್ಬಳಿಗೆ ಬರೀ ಗುಂಡಿಯ ಕಾಜ. ಲೈನಿನ ತುದಿಯ ಬೋರ್ಡಿನಲ್ಲಿ ಗಂಟೆಗೆ ಎಷ್ಟು ಪೀಸು ಎಂಬ ಟಾರ್ಗೆಟ್ ಬರೆದಿರುತ್ತದೆ. ಒಬ್ಬಳು ನೀರು ಕುಡಿಯಲು ಎದ್ದರೆ ಮುಂದಿನವಳ ಮಿಷನ್ ಖಾಲಿ ಕೂರುತ್ತದೆ, ಬೈಗುಳ ಇಬ್ಬರಿಗೂ ಬೀಳುತ್ತದೆ. ಸ್ಯಾನ್ ಫ್ರಾನ್ಸಿಸ್ಕೋದಲ್ಲೋ ಸ್ಟಾಕ್‌ಹೋಮಿನಲ್ಲೋ ಕುಳಿತ ಖರೀದಿ ವಿಭಾಗ ಬೆಲೆಯನ್ನು ಹತ್ತು ಸೆಂಟ್ ಇಳಿಸಿದರೆ, ಇಲ್ಲವೇ ಕೊಡುವ ಗಡುವನ್ನು ಹತ್ತು ದಿನ ಹಿಂದಕ್ಕೆ ತಂದರೆ, ಅದು ಕೊನೆಗೆ ಬಂದು ತಟ್ಟುವುದು ಆ ಬೋರ್ಡಿನ ಅಂಕಿಗೆ.

ಗ್ಯಾಪ್ ಕಂಪನಿ ಇಲ್ಲಿಯದೇ, 1969ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಶುರುವಾದದ್ದು. ಹೊಲಿಯುವ ಹೆಂಗಸರಿಗೆ ಸಂವಹನ, ಸಮಯ ನಿರ್ವಹಣೆ ಮುಂತಾದವನ್ನು ಕಲಿಸುವ ‘ಪೇಸ್’ ಎಂಬ ತರಬೇತಿಯನ್ನು ಅದು 2007ರಲ್ಲಿ ಭಾರತದಲ್ಲಿ ಆರಂಭಿಸಿತು. ಬೆಂಗಳೂರಿನ ಶಾಹಿ ಎಕ್ಸ್‌ಪೋರ್ಟ್ಸ್ ಕಾರ್ಖಾನೆಗಳಲ್ಲಿ ಈ ತರಬೇತಿಯ ಫಲವನ್ನು ಅಚ್ಯುತ ಅಧ್ವರ್ಯು, ನಮ್ರತಾ ಕಲಾ, ಅನಂತ್ ನ್ಯಾಷಧಮ್ ಎಂಬ ಅರ್ಥಶಾಸ್ತ್ರಜ್ಞರು ಲಾಟರಿ ಎತ್ತಿ ಗುಂಪು ಮಾಡಿ ಶಾಸ್ತ್ರೀಯವಾಗಿ ಅಳೆದರು. ತರಬೇತಿ ಪಡೆದವರ ಉತ್ಪಾದಕತೆ ಉಳಿದವರಿಗಿಂತ ಶೇ 13.5ರಷ್ಟು ಹೆಚ್ಚಿತು. ತರಬೇತಿ ಮುಗಿದ ಎಂಟು ತಿಂಗಳಿಗೆ ಕಂಪನಿಗೆ ಸಿಕ್ಕ ನಿವ್ವಳ ಪ್ರತಿಫಲ ಶೇ 256. ಆ ಹೆಂಗಸರ ಸಂಬಳ ಏರಿದ್ದು ಶೇ 0.5. ಈ ಮೂರು ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದಾಗ ನನಗೆ ಬೇಸರಕ್ಕಿಂತ ಸ್ಪಷ್ಟತೆ ಸಿಕ್ಕಿತು. ತರಬೇತಿ ಸುಳ್ಳಲ್ಲ, ಅದರಿಂದ ಹೆಂಗಸರು ಮಾತಿನಲ್ಲಿ, ಕೆಲಸದಲ್ಲಿ ಗಟ್ಟಿಯಾದದ್ದೂ ನಿಜ. ಗಳಿಕೆ ಹಂಚಿಕೆಯಾಗಲಿಲ್ಲ, ಅಷ್ಟೇ. ಬ್ರ್ಯಾಂಡಿನ ವಾರ್ಷಿಕ ವರದಿಯಲ್ಲಿ ತರಬೇತಿ ಪಡೆದವರ ಸಂಖ್ಯೆಯ ಪಕ್ಕದಲ್ಲಿ ಸಂಬಳದ ಅಂಕಿ ಇದೆಯೇ ಎಂದು ಅಂದಿನಿಂದ ಹುಡುಕುತ್ತೇನೆ.

ಅದೇ ಶಾಹಿಯ ಬೆಂಗಳೂರಿನ ಎಂಟನೇ ಘಟಕದಲ್ಲಿ 2018ರ ಏಪ್ರಿಲ್‌ನಲ್ಲಿ ಕಾರ್ಮಿಕರು ಸಂಬಳ ಏರಿಕೆ, ಕುಡಿಯುವ ನೀರು, ಓಡಾಟದ ಅನುಕೂಲ ಕೇಳಿ ಅರ್ಜಿಗೆ ಸಹಿ ಹಾಕಿಸಿದಾಗ ಅವರ ಮೇಲೆ ಹಲ್ಲೆ ನಡೆಯಿತು, ಕೆಲವರನ್ನು ಹೊರಹಾಕಲಾಯಿತು ಎಂದು ವಾಷಿಂಗ್ಟನ್ನಿನ ವರ್ಕರ್ ರೈಟ್ಸ್ ಕನ್ಸಾರ್ಷಿಯಂ ತನಿಖೆ ಮಾಡಿ ವರದಿ ಕೊಟ್ಟಿತು. ವರದಿ ಹೊರಬಂದು ಬ್ರ್ಯಾಂಡುಗಳು ಒತ್ತಡ ಹಾಕಿದ ಮೇಲೆ ಕಂಪನಿ ಹೊರಹಾಕಿದವರನ್ನು ಮರಳಿ ಕರೆದು ಸಂಘದೊಂದಿಗೆ ಮಾತುಕತೆಗೆ ಒಪ್ಪಿತು.

ಶ್ರೀರಂಗಪಟ್ಟಣದ ಕತೆ ಇನ್ನೂ ನೇರವಾದದ್ದು. ಅಲ್ಲಿನ ಯೂರೋ ಕ್ಲೋದಿಂಗ್ ಕಂಪನಿಯ ಎರಡನೇ ಘಟಕ ಗೋಕಲ್‌ದಾಸ್ ಎಕ್ಸ್‌ಪೋರ್ಟ್ಸ್‌ಗೆ ಸೇರಿದ್ದು, ಹೊಲಿಯುತ್ತಿದ್ದುದು ಎಚ್ ಆ್ಯಂಡ್ ಎಂ ಬಟ್ಟೆ. 2020ರ ಜೂನ್‌ನಲ್ಲಿ, ಕೊರೊನಾ ಕಾಲದಲ್ಲಿ ಆರ್ಡರ್ ಇಲ್ಲವೆಂದು ಹೇಳಿ ಘಟಕವನ್ನು ಮುಚ್ಚಲಾಯಿತು. ಸುಮಾರು 1,200 ಜನ ಕೆಲಸ ಕಳೆದುಕೊಂಡರು. ಗೋಕಲ್‌ದಾಸ್‌ನ ಘಟಕಗಳಲ್ಲಿ ಕಾರ್ಮಿಕ ಸಂಘ ಗಟ್ಟಿಯಾಗಿ ಬೇರೂರಿದ್ದ ಘಟಕ ಅದು, ಅದಕ್ಕೇ ಅದನ್ನು ಆರಿಸಿ ಮುಚ್ಚಿದರು ಎಂದು ಗಾರ್ಮೆಂಟ್ ಆ್ಯಂಡ್ ಟೆಕ್ಸ್‌ಟೈಲ್ ವರ್ಕರ್ಸ್ ಯೂನಿಯನ್ ಹೇಳಿತು. ಹೆಂಗಸರು ಕಾರ್ಖಾನೆ ಬಿಟ್ಟು ಕದಲದೆ ವಾರಗಟ್ಟಲೆ ಧರಣಿ ಕೂತರು. ಅಂತರರಾಷ್ಟ್ರೀಯ ಒಕ್ಕೂಟ ಇಂಡಸ್ಟ್ರಿಆಲ್ ನಡುವೆ ಬಂತು. ಕೆಲಸ ಕಳೆದುಕೊಂಡವರನ್ನು ಬೇರೆ ಘಟಕಗಳಲ್ಲಿ ಮರಳಿ ತೆಗೆದುಕೊಳ್ಳಲು 2021ರ ಆರಂಭದಲ್ಲಿ ಒಪ್ಪಂದವಾಯಿತು. ಎಚ್ ಆ್ಯಂಡ್ ಎಂ ತನ್ನ ಕಾರ್ಖಾನೆಗಳ ಪಟ್ಟಿ ಪ್ರಕಟಿಸುವ ಬ್ರ್ಯಾಂಡು; ಪಾರದರ್ಶಕತೆಯ ಪಟ್ಟಿಗಳಲ್ಲಿ ಮೇಲಿನ ಸಾಲಿನಲ್ಲಿ ನಿಂತದ್ದೂ ಇದೆ. ಕಾರ್ಖಾನೆಗಳ ಅಂಥ ಪಟ್ಟಿ ಇದ್ದರೆ ಹೆಂಗಸರು ಯಾರ ಅಂಗಿ ಹೊಲಿಯುತ್ತಿದ್ದಾರೆಂದು ಹೊರಗಿನವರಿಗೂ ಗೊತ್ತಾಗುತ್ತದೆ, ಒತ್ತಡ ಹಾಕಲು ಸಾಧ್ಯವಾಗುತ್ತದೆ. ಪಾರದರ್ಶಕತೆಯ ಬೆಲೆ ಇಷ್ಟು: ಅದು ನ್ಯಾಯ ಕೊಡುವುದಿಲ್ಲ, ನ್ಯಾಯ ಕೇಳಬೇಕಾದ ವಿಳಾಸ ಕೊಡುತ್ತದೆ.

ತುಟ್ಟಿಭತ್ಯೆಯ ಪ್ರಕರಣ ಇವೆಲ್ಲಕ್ಕಿಂತ ದೊಡ್ಡದು. 2020ರ ಏಪ್ರಿಲ್‌ನಿಂದ ಕರ್ನಾಟಕದ ಕನಿಷ್ಠ ವೇತನಕ್ಕೆ ಸೇರಬೇಕಿದ್ದ ತಿಂಗಳಿಗೆ 417 ರೂಪಾಯಿ ತುಟ್ಟಿಭತ್ಯೆಯನ್ನು ರಾಜ್ಯದ ಗಾರ್ಮೆಂಟ್ಸ್ ಕಾರ್ಖಾನೆಗಳು ತಡೆಹಿಡಿದವು. ಕೊಡಲೇಬೇಕೆಂದು ಹೈಕೋರ್ಟ್ ಹೇಳಿದ ಮೇಲೂ ಬಹುಕಾಲ ಕೊಡಲಿಲ್ಲ. ಪೆಟ್ಟು ತಿಂದವರು 4 ಲಕ್ಷಕ್ಕೂ ಹೆಚ್ಚು ಕಾರ್ಮಿಕರು ಎಂದು ವರ್ಕರ್ ರೈಟ್ಸ್ ಕನ್ಸಾರ್ಷಿಯಂ ಲೆಕ್ಕ ಹಾಕಿತು. ಆಗಿನ ದರದಲ್ಲಿ 417 ರೂಪಾಯಿ ಎಂದರೆ ಐದೂವರೆ ಡಾಲರ್, ಎವರ್‌ಗ್ರೀನ್‌ನಲ್ಲಿ ಒಂದು ಕಾಫಿಯ ಬೆಲೆ. ಮಂಡ್ಯದ ಮನೆಯಲ್ಲಿ ಅದು ಗ್ಯಾಸಿನ ಅರ್ಧ ಸಿಲಿಂಡರ್. ಈ ಕಾರ್ಖಾನೆಗಳಿಂದ ಕೊಳ್ಳುತ್ತಿದ್ದವರಲ್ಲಿ ಯೂರೋಪು, ಅಮೆರಿಕದ ಹತ್ತಾರು ನಾಮಾಂಕಿತ ಬ್ರ್ಯಾಂಡುಗಳಿದ್ದವು. ‘ಸ್ಥಳೀಯ ಕಾನೂನು ಪಾಲಿಸಬೇಕು’ ಎಂಬ ಸಾಲು ಆ ಎಲ್ಲರ ನೀತಿಸಂಹಿತೆಯಲ್ಲೂ ಇದೆ. ಸಾಲು ಇದ್ದರೂ ಬಾಕಿ ಉಳಿಯಿತು. ಸುದ್ದಿ ವಿದೇಶಿ ಪತ್ರಿಕೆಗಳಲ್ಲಿ ಬಂದು, ಬ್ರ್ಯಾಂಡುಗಳು ಕೈಹಾಕಿದ ಮೇಲೆ, 2022ರ ಆರಂಭದಲ್ಲಿ ದೊಡ್ಡ ಕಾರ್ಖಾನೆಗಳು ಬಾಕಿ ಕೊಡತೊಡಗಿದವು. ಯಾವ ಆಡಿಟ್ಟೂ ಇದನ್ನು ತಡೆದಿರಲಿಲ್ಲ.

ಬೆಂಗಳೂರಿನ ಹೆಂಗಸರು ತಾವಾಗಿಯೇ ಗೆದ್ದದ್ದೂ ಉಂಟು. ಭವಿಷ್ಯನಿಧಿಯ ಹಣ ತೆಗೆಯಲು ಕೇಂದ್ರ ಹೊಸ ನಿರ್ಬಂಧ ತಂದಾಗ, 2016ರ ಏಪ್ರಿಲ್ 18 ಮತ್ತು 19ರಂದು ಅವರು ಯಾವ ನಾಯಕರಿಗೂ ಕಾಯದೆ ಹೊಸೂರು ರಸ್ತೆಗೆ, ತುಮಕೂರು ರಸ್ತೆಗೆ ಇಳಿದರು. ಸರ್ಕಾರ ಆ ನಿಯಮ ಹಿಂತೆಗೆದುಕೊಂಡಿತು. ಆ ಎರಡು ದಿನಗಳ ಬಗ್ಗೆ ಬೇ ಏರಿಯಾದ ಕನ್ನಡ ಮನೆಗಳಲ್ಲಿ ಹೆಚ್ಚು ಮಾತಾಗಲಿಲ್ಲವೆಂಬುದು ನನಗೆ ಇಂದಿಗೂ ನೋವಿನ ಸಂಗತಿ.

ಸ್ಯಾನ್ ಫ್ರಾನ್ಸಿಸ್ಕೋದ ಇನ್ನೆರಡು ಹೆಸರು ನೋಡಬೇಕು. ಲೀವೈ ಸ್ಟ್ರಾಸ್ ಕಂಪನಿ 1991ರಲ್ಲೇ ತನ್ನ ಸರಬರಾಜುದಾರರಿಗೆ ನೀತಿಸಂಹಿತೆ ಬರೆದ ಮೊದಲಿಗರಲ್ಲಿ ಒಂದು, 2005ರಲ್ಲಿ ಕಾರ್ಖಾನೆಗಳ ಪಟ್ಟಿ ಹೊರಗಿಟ್ಟಿತು. ಆದರೂ ಲೆಸೋಥೊ ದೇಶದಲ್ಲಿ ಅದರ ಜೀನ್ಸ್ ಹೊಲಿಯುತ್ತಿದ್ದ ಕಾರ್ಖಾನೆಗಳಲ್ಲಿ ಸೂಪರ್‌ವೈಸರುಗಳು ಹೆಂಗಸರಿಗೆ ಲೈಂಗಿಕ ಕಿರುಕುಳ ಕೊಡುತ್ತಿದ್ದುದು ಬಯಲಾದದ್ದು ಕಂಪನಿಯ ಪರಿಶೀಲನೆಯಿಂದಲ್ಲ, ಹೊರಗಿನ ತನಿಖೆಯಿಂದ. ನಂತರ 2019ರಲ್ಲಿ ಸಂಘಗಳ ಜೊತೆ ಕಾನೂನಿನ ಕಟ್ಟುಪಾಡುಳ್ಳ ಒಪ್ಪಂದಕ್ಕೆ ಲೀವೈಸ್ ಸಹಿ ಹಾಕಿತು. ಎವರ್‌ಲೇನ್ ತನ್ನ ಪ್ರತಿ ಅಂಗಿಗೆ ಬಟ್ಟೆ, ಕೂಲಿ, ಸುಂಕ, ಸಾಗಣೆ ಎಷ್ಟೆಂದು ಬಿಡಿಸಿ ತೋರಿಸಿ ಹೆಸರು ಮಾಡಿದ ಬ್ರ್ಯಾಂಡು. 2020ರ ಮಾರ್ಚ್‌ನಲ್ಲಿ, ಗ್ರಾಹಕ ಸೇವೆಯ ತನ್ನ ನೌಕರರು ಸಂಘ ಕಟ್ಟಿ ಮಾನ್ಯತೆ ಕೇಳಿದ ಬೆನ್ನಿಗೇ ಅವರಲ್ಲಿ ಬಹುತೇಕರನ್ನು ಅದು ಕೆಲಸದಿಂದ ತೆಗೆಯಿತು. ಕಾರಣ ಕೊರೊನಾ ಎಂದು ಕಂಪನಿ, ಸಂಘ ಎಂದು ನೌಕರರು. ಅದೇ ವಸಂತದಲ್ಲಿ ಹೊಲಿದು ಮುಗಿಸಿದ ಬಟ್ಟೆಗೂ ಹಣ ಕೊಡದ ಬ್ರ್ಯಾಂಡುಗಳ ವಿರುದ್ಧ, ಸ್ಯಾನ್ ಫ್ರಾನ್ಸಿಸ್ಕೋದ ರೀಮೇಕ್ ಸಂಸ್ಥೆ ‘ಪೇ ಅಪ್’ ಅಭಿಯಾನ ಹೂಡಿತು. ಗ್ಯಾಪ್, ಲೀವೈಸ್ ಎರಡೂ ಕೊನೆಗೆ ಕೊಡಲು ಒಪ್ಪಿದವು.

ಇಷ್ಟನ್ನೂ ನೋಡಿದ ಮೇಲೆ ನನ್ನ ಅಳತೆಗೋಲಿನಲ್ಲಿ ಮೊದಲ ಸ್ಥಾನ ಕಟ್ಟುಪಾಡಿನ ಒಪ್ಪಂದಕ್ಕೆ. 2013ರ ಏಪ್ರಿಲ್ 24ರಂದು ಢಾಕಾ ಬಳಿ ರಾಣಾ ಪ್ಲಾಜಾ ಕುಸಿದು 1,100ಕ್ಕೂ ಹೆಚ್ಚು ಜನ ಸತ್ತ ನಂತರ 200ಕ್ಕೂ ಹೆಚ್ಚು ಬ್ರ್ಯಾಂಡುಗಳು ಸಂಘಗಳ ಜೊತೆ ಕೂಡಿ ‘ಅಕಾರ್ಡ್’ಗೆ ಸಹಿ ಹಾಕಿದವು. ಕಟ್ಟಡ ದುರಸ್ತಿಯ ವಿಷಯದಲ್ಲಿ ಅವು ಮಾತು ತಪ್ಪಿದರೆ ಪ್ರಶ್ನಿಸಲು ಅವಕಾಶವಿತ್ತು. ಗ್ಯಾಪ್ ಅದಕ್ಕೆ ಸೇರದೆ ವಾಲ್‌ಮಾರ್ಟ್ ಮುಂತಾದವರೊಂದಿಗೆ ಬೇರೆ ಕೂಟ ಕಟ್ಟಿತು. ಅದೇ ಗ್ಯಾಪ್, ತಮಿಳುನಾಡಿನ ದಿಂಡಿಗಲ್‌ನ ಕಾರ್ಖಾನೆಯೊಂದರ ದಲಿತ ಯುವತಿಯ ಕೊಲೆಯ ನಂತರ, 2022ರಲ್ಲಿ ದಿಂಡಿಗಲ್ ಒಪ್ಪಂದಕ್ಕೆ ಎಚ್ ಆ್ಯಂಡ್ ಎಂ ಮತ್ತು ಪಿವಿಎಚ್ ಜೊತೆ ಬಂತು. ಹೆಂಗಸರ ಮೇಲಿನ ದೌರ್ಜನ್ಯ ತಡೆಯಲು ಮಹಿಳೆಯರೇ ನಡೆಸುವ ಸಂಘಕ್ಕೆ ಕಾರ್ಖಾನೆಯೊಳಗೆ ಸ್ಥಾನ ಕೊಟ್ಟ ಒಪ್ಪಂದ ಅದು. ಬ್ರ್ಯಾಂಡುಗಳಿಗೆ ಶಾಶ್ವತ ಅಂಕ ಕೊಡುವುದು ತಪ್ಪು ಎನ್ನಲು ಇದೇ ಕಾರಣ. ಬಾಂಗ್ಲಾದಲ್ಲಿ ಹಿಂದೆ ಸರಿದವರು ದಿಂಡಿಗಲ್‌ನಲ್ಲಿ ಮುಂದೆ ಬಂದರು. ಕರ್ನಾಟಕದ ಕಾರ್ಖಾನೆಗಳಿಗೂ ಅಂಥ ಒಪ್ಪಂದ ಬೇಕೆಂದು ಗ್ರಾಹಕರಾದ ನಾವು ಬರೆದು ಕೇಳಬಹುದು.

ಪರಿಸರದ ಮಾತು ಬೇಕೆಂದೇ ಕಡೆಗೆ ಇಟ್ಟೆ. ಬ್ರ್ಯಾಂಡುಗಳಿಗೆ ಹೇಳಲು ಸುಲಭವಾದದ್ದು ಅದೇ. 2023ರಲ್ಲಿ ಜಗತ್ತು ತಯಾರಿಸಿದ ನೂಲು ಸುಮಾರು 12.4 ಕೋಟಿ ಟನ್, ಅದರಲ್ಲಿ ಶೇ 57ರಷ್ಟು ಪಾಲಿಯೆಸ್ಟರ್. ‘ಮರುಬಳಕೆಯ ಪಾಲಿಯೆಸ್ಟರ್’ ಎಂಬುದು ಬಹುಪಾಲು ನೀರಿನ ಬಾಟಲಿಯಿಂದ ಬಂದದ್ದು. ಬಾಟಲಿ ಮತ್ತೆ ಬಾಟಲಿಯಾಗಬಹುದಿತ್ತು, ಅಂಗಿಯಾದ ಮೇಲೆ ಸಾಮಾನ್ಯವಾಗಿ ಕಸವೇ. ‘ಬಿದಿರಿನ ಬಟ್ಟೆ’ ಎಂದು ರೇಯಾನ್ ಮಾರಿದ್ದಕ್ಕೆ ಕೋಲ್ಸ್ ಮತ್ತು ವಾಲ್‌ಮಾರ್ಟ್ 2022ರಲ್ಲಿ ಒಟ್ಟು 55 ಲಕ್ಷ ಡಾಲರ್ ದಂಡ ತೆರಬೇಕಾಯಿತು. ನೀರಿನ ಪಾಠ ಕಲಿಸಿದ ಊರು ತಿರುಪ್ಪೂರು. ನೊಯ್ಯಲ್ ನದಿ ಬಣ್ಣದ ಕಾಲುವೆಯಾದ ಮೇಲೆ 2011ರಲ್ಲಿ ಮದ್ರಾಸ್ ಹೈಕೋರ್ಟ್ ಅಲ್ಲಿನ ಡೈಯಿಂಗ್ ಘಟಕಗಳನ್ನು ಮುಚ್ಚಿಸಿತು, ಹನಿ ನೀರೂ ಹೊರಹೋಗದ ವ್ಯವಸ್ಥೆ ಬಂದದ್ದು ಆ ಒತ್ತಡದಲ್ಲಿ. ನಮ್ಮ ಬಳ್ಳಾರಿಯ ಜೀನ್ಸ್ ತೊಳೆಯುವ ಘಟಕಗಳ ನೀರಿನ ಪ್ರಶ್ನೆ ಇನ್ನೂ ಬಗೆಹರಿದಿಲ್ಲ. ಇತ್ತ ಕ್ಯಾಲಿಫೋರ್ನಿಯಾ 2024ರ ಸೆಪ್ಟೆಂಬರ್‌ನಲ್ಲಿ ಎಸ್‌ಬಿ 707ಕ್ಕೆ ಸಹಿ ಹಾಕಿತು. ಹಳೆ ಬಟ್ಟೆಯನ್ನು ಸಂಗ್ರಹಿಸಿ, ದುರಸ್ತಿ ಮಾಡಿ, ಮರುಬಳಸುವ ಖರ್ಚನ್ನು ತಯಾರಕರ ಮೇಲೆ ಹೊರಿಸುವ ಅಮೆರಿಕದ ಮೊದಲ ಕಾಯಿದೆ ಇದು. ಬ್ರ್ಯಾಂಡು ವರ್ಷಕ್ಕೆ ಎಷ್ಟು ಕೋಟಿ ಉಡುಪು ತಯಾರಿಸುತ್ತದೆ ಎಂಬ ಅಂಕಿಯನ್ನು ಕೇಳಿನೋಡಿ, ಸಾವಯವ ಹತ್ತಿಯ ಬಗ್ಗೆ ಪುಟಗಟ್ಟಲೆ ಬರೆಯುವವರೂ ಅದನ್ನು ಹೇಳುವುದು ಅಪರೂಪ.

‘ಹಾಗಾದರೆ ಕೈಮಗ್ಗವೇ ಕೊಳ್ಳೋಣ’ ಎನ್ನುವವರು ನಮ್ಮಲ್ಲಿ ಬಹಳ, ನಾನೂ ಅವರ ಜೊತೆಗೇ ಇದ್ದೇನೆ. ಆದರೆ ಅಲ್ಲೂ ಅದೇ ಪ್ರಶ್ನೆಗಳನ್ನು ಕೇಳಬೇಕು. ಯುಗಾದಿ, ರಾಜ್ಯೋತ್ಸವಗಳಿಗೆ ಇಲ್ಲಿ ಹೊರಬರುವ ಮೈಸೂರು ಸಿಲ್ಕ್ ಸೀರೆಯನ್ನು ನೇಯುವುದು ಸರ್ಕಾರದ ಕೆಎಸ್‌ಐಸಿ, ಅದರ ಮೈಸೂರು ಕಾರ್ಖಾನೆ 1912ರದು. ಸೀರೆಯ ಮೇಲೆ ಗುರುತಿನ ಸಂಖ್ಯೆ ಇರುತ್ತದೆ, ಹೊಲೊಗ್ರಾಂ ಇರುತ್ತದೆ. ಮೂಲ ಹುಡುಕಲು ಇದಕ್ಕಿಂತ ನೇರ ದಾರಿ ಬೇರೆ ಕಡೆ ಸಿಗುವುದು ಕಡಿಮೆ. ‘ಸಿಲ್ಕ್’ ಎಂದು ಮಾರುವ ಉಳಿದ ಸೀರೆಗಳ ನೂಲಿನ ಊರು ಮಾತ್ರ ಗೊತ್ತಾಗುವುದಿಲ್ಲ. ಕರ್ನಾಟಕವೂ ಸೇರಿ ದೇಶದ ರೇಷ್ಮೆ ನೂಲು ತೆಗೆಯುವ ಘಟಕಗಳಲ್ಲಿ ಮಕ್ಕಳು ಜೀತದಲ್ಲಿದ್ದುದನ್ನು ಹ್ಯೂಮನ್ ರೈಟ್ಸ್ ವಾಚ್ 2003ರಲ್ಲಿ ವಿವರವಾಗಿ ದಾಖಲಿಸಿತ್ತು.

ಸಾಗರದ ಹತ್ತಿರದ ಹೆಗ್ಗೋಡಿನಲ್ಲಿ ರಂಗಕರ್ಮಿ ಪ್ರಸನ್ನ ಅವರ ಮುಂದಾಳತ್ವದಲ್ಲಿ ತೊಂಬತ್ತರ ದಶಕದಲ್ಲಿ ಹುಟ್ಟಿದ ಚರಕ, ನಾನು ಬಲ್ಲಂತೆ ಎಲ್ಲ ಪ್ರಶ್ನೆಗಳಿಗೂ ಹತ್ತಿರದ ಉತ್ತರ. ಅದು ಹೆಂಗಸರೇ ಸದಸ್ಯರಾದ ಸಹಕಾರ ಸಂಘ. ಕೈಮಗ್ಗದ ಬಟ್ಟೆ, ಅಡಿಕೆ ಚೊಗರಿನಂಥ ನೈಸರ್ಗಿಕ ಬಣ್ಣ, ಮಾರಾಟಕ್ಕೆ ‘ದೇಸಿ’ ಅಂಗಡಿಗಳು. ಹೊಲಿದವರು, ನೇಯ್ದವರು ಯಾರೆಂದು ಕೇಳಿದರೆ ಕರೆದುಕೊಂಡು ಹೋಗಿ ತೋರಿಸಬಲ್ಲ ಬ್ರ್ಯಾಂಡು. ಕೈಯಿಂದ ಮಾಡಿದ ವಸ್ತುಗಳ ಮೇಲೆ ಜಿಎಸ್‌ಟಿ ಬೇಡವೆಂದು ಪ್ರಸನ್ನ 2017ರಲ್ಲಿ ಉಪವಾಸ ಕೂತರು. 2020ರಲ್ಲಿ ಮಾರಾಟವಾಗದ ಬಟ್ಟೆ ಗೋದಾಮಿನಲ್ಲಿ ಉಳಿದು ಸಂಸ್ಥೆ ಆರ್ಥಿಕ ಸಂಕಷ್ಟ ಘೋಷಿಸಿತು. ಗುಣದಲ್ಲಿ ಎಲ್ಲಕ್ಕೂ ಉತ್ತರವಿದ್ದ ಬ್ರ್ಯಾಂಡಿಗೆ ಕೊಳ್ಳುವವರು ಸಾಲಲಿಲ್ಲ. ಊರಿಗೆ ಹೋದಾಗ ಅಲ್ಲಿಂದ ನಾಲ್ಕು ಕುರ್ತಾ ತರುವುದು ಇಲ್ಲಿ ಕೂತು ಯಾವ ಆ್ಯಪ್ ನೋಡುವುದಕ್ಕಿಂತಲೂ ಖಚಿತವಾದ ಆಯ್ಕೆ.

ಉಳಿದ ದಿನಗಳ ಬಟ್ಟೆಗೆ? ಇಲ್ಲಿನ ಕನ್ನಡ ಕಾರ್ಯಕ್ರಮಗಳಿಗೆ ಹಳದಿ ಕೆಂಪು ಟಿ-ಶರ್ಟ್‌ಗಳನ್ನು ನೂರಾರು ಲೆಕ್ಕದಲ್ಲಿ ಅಚ್ಚು ಹಾಕಿಸುತ್ತಾರೆ. ಶುರು ಅಲ್ಲಿಂದಲೇ ಆಗಲಿ. ಅಚ್ಚು ಹಾಕುವವರಿಗೆ ಖಾಲಿ ಶರ್ಟಿನ ಬ್ರ್ಯಾಂಡು ಕೇಳಿ, ಬ್ರ್ಯಾಂಡಿಗೆ ಕಾರ್ಖಾನೆಯ ಹೆಸರು ಕೇಳಿ. ‘ಓಪನ್ ಸಪ್ಲೈ ಹಬ್’ ಎಂಬ ಉಚಿತ ನಕ್ಷೆಯಲ್ಲಿ ಆ ಹೆಸರು ಹಾಕಿದರೆ ಅಲ್ಲಿಂದ ಇನ್ಯಾರು ಕೊಳ್ಳುತ್ತಾರೆಂಬುದೂ ಬಹಳ ಸಲ ಸಿಗುತ್ತದೆ. ಹೆಸರು ಕೊಡದ ಬ್ರ್ಯಾಂಡನ್ನು ಅಲ್ಲಿಗೇ ಬಿಡಿ. ಕೊಟ್ಟರೆ, ಅಲ್ಲಿ ಕಾರ್ಮಿಕ ಸಂಘ ಇದೆಯೇ, ಕನಿಷ್ಠ ವೇತನದ ಮೇಲೆ ಎಷ್ಟು ಕೊಡುತ್ತಾರೆ, ಸಂಘಗಳ ಜೊತೆ ನಿಮ್ಮ ಸಹಿ ಇರುವ ಒಪ್ಪಂದ ಯಾವುದು ಎಂದು ಮೂರು ಸಾಲಿನ ಪತ್ರ ಬರೆಯಿರಿ. ಉತ್ತರ ಬರುವವರೆಗೆ, ಕಾರ್ಖಾನೆ ಕರ್ನಾಟಕದ್ದಾದರೆ, ಅದರ ಹೆಸರಿನ ಜೊತೆಗೆ ‘ಧರಣಿ’, ‘ಬಾಕಿ ವೇತನ’, ‘ಪಿಎಫ್’ ಎಂದು ಕನ್ನಡದಲ್ಲಿ ಹುಡುಕಿ, ಮಂಡ್ಯ, ರಾಮನಗರ, ತುಮಕೂರಿನ ಜಿಲ್ಲಾ ಪುಟಗಳ ಸುದ್ದಿ ಓದಿ.